ಕಪಾಟಿನೊಳಗಿನ ವೈಫೈ

ಗ್ರಂಥಾಲಯದ ಗೇಟಿಗೆ ತಂತಿಯಿಂದ ಬಿಗಿದ ‘ಇಲ್ಲಿ ಉಚಿತ ವೈಫೈ ಸೌಲಭ್ಯವಿದೆ’ ಎಂಬ ಹಲಗೆಯನ್ನು ಕಂಡೊಡನೆ ವಂದನಾಳಿಗೆ ಸಿಟ್ಟು ಬಂತು. ಹೋದ ಭಾನುವಾರವೂ ಬಂದಿತ್ತು, ಅದರ ಹಿಂದಿನ ಭಾನುವಾರವೂ ಬಂದಿತ್ತು. ಊರಿನ ಯಾರೋ ದಾನಿಗಳು ತಮ್ಮ ತಂದೆಯ ಸ್ಮರಣಾರ್ಥ ಕೊಡಿಸಿದ್ದಂತೆ. ಹಲಗೆಯ ಮೇಲೆ ಆ ತಂದೆಯ ಹೆಸರು ವೈಫೈ ಎಂಬ ಶಬ್ದಕ್ಕಿಂತ ದಪ್ಪಗಿತ್ತು. ಸಿಗುವುದಿಲ್ಲ ಎಂದು ಬರೆದಿದ್ದರೆ ಮನುಷ್ಯರು ಸುಮ್ಮನೆ ಮನೆಯಲ್ಲಿರುತ್ತಿದ್ದರು. ಸಿಗುತ್ತದೆ ಎಂದು ಬರೆದಿದ್ದರಿಂದಲೇ ಅವಳು ಹೆಗಲಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು, ಬೆನ್ನ ಹಿಂದೆ ಅಪ್ಪನನ್ನು ಕಟ್ಟಿಕೊಂಡು, ಹೀಗೆ ಬಿಸಿಲಲ್ಲಿ ಬರಬೇಕಾಗಿದೆ. ಅಪ್ಪ ನೇಮಿನಾಥ ಹುಕ್ಕೇರಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಕಿರಿಯ ಮಗಳ ವಿಷಯ ಒಂದು ಮಾತೂ ಆಡದೆ, ದಾರಿ ತುಂಬ ಕಬ್ಬಿನ ಲಾರಿಗಳು ಹೇಗೆ ಅಡ್ಡ ನಿಂತಿದ್ದವೆಂದೇ ಹೇಳಿದ್ದರು. ಈಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾರೆ. ‘ಇಲ್ಲೆ ಬಿಡೂದ ಬ್ಯಾಡ್ರಿ ಅಪ್ಪಾ, ಹಂಗ ಬರ್ರಿ’ ಎಂದರೂ ಕೇಳಲಿಲ್ಲ. ಪುಸ್ತಕ ಇರುವ ಜಾಗ ಎಂದು ಅವರ ಲೆಕ್ಕ. ಅಷ್ಟು ಭಕ್ತಿಯಿಂದ ಒಳಬಂದ ಮನುಷ್ಯ ಪುಸ್ತಕಗಳ ಕಡೆ ನೋಡದೆ, ಯಾವ ಕುರ್ಚಿಯ ಮೇಲೆ ಧೂಳು ಕಡಿಮೆ ಇದೆ ಎಂದು ಹುಡುಕತೊಡಗಿದ್ದು ನೋಡಿ ಅವಳ ಸಿಟ್ಟು ಹಲಗೆಯಿಂದ ಅಪ್ಪನ ಕಡೆ ಜಾರಿತು. ಅಲ್ಲಿಂದ, ಮುಪ್ಪಿನ ಅಪ್ಪನ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಸಿಟ್ಟಾಗುತ್ತಿರುವ ತನ್ನ ಕಡೆಗೆ.

ಗ್ರಂಥಪಾಲಕ ಶಿದ್ಲಿಂಗಪ್ಪ ದಿನಪತ್ರಿಕೆಗಳಿಗೆ ಸೀಲು ಹೊಡೆಯುತ್ತ ಕುಳಿತಿದ್ದ. ಅವನ ಹಿಂದೆ ಹಸಿರು ಬಣ್ಣದ ಕಬ್ಬಿಣದ ಕಪಾಟು. ವೈಫೈ ಪೆಟ್ಟಿಗೆ ಆ ಕಪಾಟಿನೊಳಗಿತ್ತು. ವಯರು ಹೋಗಲೆಂದು ಕಪಾಟಿನ ಹಿಂಬದಿಗೆ ಒಂದು ತೂತು ಕೊರೆಸಿ, ಪೆಟ್ಟಿಗೆಯನ್ನು ಒಳಗಿಟ್ಟು, ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಅವನು ಉಡದಾರಕ್ಕೆ ಕಟ್ಟಿಕೊಂಡಿದ್ದ. ಕಬ್ಬಿಣದ ಪೆಟ್ಟಿಗೆಯೊಳಗಿಂದ ವೈಫೈ ಸರಿಯಾಗಿ ಹೊರಗೆ ಬರುವುದಿಲ್ಲ ಎಂದು ಅವಳು ಹೋದ ವಾರ ವಿವರಿಸಿದ್ದಳು, ತನ್ನ ಸಾಲೆಯ ಮಕ್ಕಳಿಗೆ ಹೇಳುವಂತೆ, ನಿಧಾನವಾಗಿ. ಅವನೂ ಅಷ್ಟೇ ನಿಧಾನವಾಗಿ ತಲೆಯಾಡಿಸಿದ್ದ.

‘ಸರ, ಒಂದೀಟು ಕಪಾಟಿನ ಬಾಗಲಾ ತಗದ ಇಡ್ರಿ. ಅರ್ಧಾ ತಾಸು ಸಾಕು.’

‘ಅಕ್ಕಾರ, ನೀವು ಹೇಳೂದು ಖರೆ ಐತಿ. ಆದ್ರ ಅದರಾಗ ದಾನಿಗಳ ಸಾಮಾನ ಐತ್ರಿ. ಯಾರರ ಒಯ್ದ್ರ ನಾನು ಯಾರಿಗಿ ಉತ್ತರಾ ಕೊಡ್ಲಿ?’

‘ನಾನು ಇಲ್ಲೇ ಕುಂದ್ರತೇನಲ್ರಿ. ಯಾರು ಒಯ್ತಾರ?’

‘ಒಯ್ಯಾವರು ಹೇಳಿ ಒಯ್ತಾರೇನ್ರಿ?’

ಕೊನೆಗೆ ಅಪ್ಪ ನಡುವೆ ಬಂದು, ‘ಹುಕ್ಕೇರಿಯಿಂದ ಬಂದೇನ್ರಿ. ಮಗಳ ಜೋಡಿ ಮಾತಾಡೂದೈತಿ’ ಎಂದರು. ಬಿಳಿ ಟೋಪಿಯ ಹಿರಿಯರು ಕೇಳಿದ್ದಕ್ಕೋ ಏನೋ, ಶಿದ್ಲಿಂಗಪ್ಪ ಎದ್ದು ಕೀಲಿ ತೆಗೆದು ಒಂದು ಬಾಗಿಲನ್ನು ಅಂಗೈಯಗಲ ತೆರೆದಿಟ್ಟ. ‘ಆದ್ರ ಮಾತಾಡೂದು ಅಂದ್ರಿ. ಇಲ್ಲೆ ಸಪ್ಪಳಾ ಮಾಡಾಂಗಿಲ್ಲ ನೋಡ್ರಿ’ ಎಂದು ಗೋಡೆಯ ಮೇಲಿನ ‘ಮೌನವಾಗಿರಿ’ ಎಂಬ ಬರಹದ ಕಡೆ ಕೈ ತೋರಿಸಿದ. ವಂದನಾ, ‘ಸಪ್ಪಳಾ ಆಗೂದಿಲ್ರಿ’ ಎಂದಳು. ಯಾಕೆ ಆಗುವುದಿಲ್ಲ ಎಂದು ಹೇಳಲಿಲ್ಲ. ಹೇಳಿದರೆ ಅವನ ಮುಖ ಮೆತ್ತಗಾಗುತ್ತದೆ, ‘ಅಯ್ಯೋ ಪಾಪ’ ಎನ್ನುತ್ತಾನೆ. ಆ ಅಯ್ಯೋ ಪಾಪವನ್ನು ಅವಳು ಹುಕ್ಕೇರಿಯ ಬಜಾರಿನಲ್ಲಿ, ಬಸ್ಸುಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ ತಂಗಿಯ ಪರವಾಗಿ ಎಷ್ಟು ಸಲ ಕೇಳಿಸಿಕೊಂಡಿದ್ದಳೆಂದರೆ, ಈಗ ಯಾರದೇ ಬಾಯಲ್ಲಿ ಅದು ಹುಟ್ಟುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು.

ರೂಪಾಲಿಗೆ ಕಿವಿ ಕೇಳುವುದಿಲ್ಲ. ಮೂರು ವರ್ಷದವಳಿದ್ದಾಗ ಬಂದ ಜ್ವರ ಬಿಟ್ಟಾಗ ಕೇಳುವುದೂ ಬಿಟ್ಟುಹೋಗಿತ್ತು. ಆಗ ಸಾಲೆಗೆ ಹೋಗುತ್ತಿದ್ದ ವಂದನಾ, ಬಂದೊಡನೆ ಪಾಟಿಚೀಲ ಬಿಸುಟು ತಂಗಿಯ ಎದುರು ಕೂತುಬಿಡುತ್ತಿದ್ದಳು. ಹೀಗೆ ಬೆರಳು ಮುಚ್ಚಿ ಬಾಯಿಗೆ ತಂದರೆ ಊಟ, ಹೆಗಲ ಮೇಲೆ ಎರಡು ಜಡೆ ಎಳೆದರೆ ಅಕ್ಕ, ಎರಡು ಅಂಗೈ ತಕ್ಕಡಿಯಂತೆ ತೂಗಿದರೆ ಕಿರಾಣಿ ಅಂಗಡಿಯ ಅಪ್ಪ. ಯಾರೂ ಕಲಿಸಿದ್ದಲ್ಲ, ಆ ಮನೆಯ ಹಿತ್ತಿಲಲ್ಲಿ ಇಬ್ಬರ ನಡುವೆ ಹುಟ್ಟಿದ್ದು. ಅವ್ವ ಇರುವ ತನಕ ಅರ್ಧಮರ್ಧ ಅದನ್ನು ಬಳಸುತ್ತಿದ್ದಳು. ಅಪ್ಪ ಮಾತ್ರ ಕಲಿಯಲೇ ಇಲ್ಲ. ದೊಡ್ಡ ದನಿಯಲ್ಲಿ, ಬಾಯನ್ನು ಅಷ್ಟಗಲ ತೆರೆದು, ‘ಹಾಲಾ! ಕುಡದಿ! ಏನಾ!’ ಎಂದು ಅಂಗಡಿಯ ಗಿರಾಕಿಗಳಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರು, ಕೇಳಬೇಕಾದವಳೊಬ್ಬಳನ್ನು ಬಿಟ್ಟು. ಆಮೇಲೆ ವಂದನಾಳ ಕಡೆ ತಿರುಗಿ, ‘ಏನಂತಾಳ ಕೇಳು’ ಎನ್ನುತ್ತಿದ್ದರು. ಮನೆಗೆ ಬಂದವರೂ, ನೆಂಟರೂ, ಡಾಕ್ಟರೂ ಹಾಗೇ. ‘ಏನಂತಾಳ ಕೇಳು.’ ಹೀಗೆ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ವಂದನಾಳಿಗೆ ತನ್ನದೊಂದು ಜಾಗ ಸಿಕ್ಕಿತ್ತು. ಓದಿನಲ್ಲಿ ಸಾಧಾರಣ, ರೂಪದಲ್ಲಿ ಸಾಧಾರಣಳಾದ ಹುಡುಗಿಗೆ ಎಲ್ಲರೂ ತನ್ನ ಬಾಯನ್ನೇ ನೋಡುತ್ತ ಕಾಯುವ ಆ ಗಳಿಗೆ ಎಷ್ಟು ರುಚಿಯಾಗಿತ್ತೆಂದು ಅವಳು ಯಾರಿಗೂ ಹೇಳಿದವಳಲ್ಲ.

ಈಗ ಅವಳು ಕೊಣ್ಣೂರಿನ ಸಾಲೆಯಲ್ಲಿ ಮಾಸ್ತರಿಣಿ, ಗೋಕಾಕದ ಸೊಸೆ. ತಂಗಿ ಪುಣೆಯ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತ, ತನ್ನಂಥ ಇನ್ನು ಮೂವರು ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಹೋದ ದೀಪಾವಳಿಗೆ ಬಂದಾಗ ತನ್ನ ಹಳೆಯ ಲ್ಯಾಪ್‌ಟಾಪು ಅಕ್ಕನಿಗೆ ಬಿಟ್ಟುಹೋಗಿದ್ದಳು, ಮುಖ ನೋಡಿ ಮಾತಾಡೋಣ ಎಂದು. ಮನೆಯ ಓಣಿಗೆ ಇಂಟರ್ನೆಟ್ ಬಂದಿರಲಿಲ್ಲ, ವಂದನಾಳ ಗುಂಡಿ ಮೊಬೈಲಿನಲ್ಲಿ ಮೆಸೇಜು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಸೈಬರ್ ಕೆಫೆಯಲ್ಲಿ ಪರದೆ ಎಳೆದ ಗೂಡುಗಳು. ಅಲ್ಲಿಗೆ ಅಪ್ಪನನ್ನು ಕರೆದೊಯ್ಯುವ ಮಾತೇ ಇಲ್ಲ. ಇಡೀ ಗೋಕಾಕದಲ್ಲಿ ಉಳಿದದ್ದು ಈ ಕಪಾಟು.

ಕಿಟಕಿಯ ಪಕ್ಕದ ಮೂಲೆಯಲ್ಲಿ ಮಾತ್ರ ಸಿಗ್ನಲ್ಲಿನ ಎರಡು ಗೆರೆ ಬರುತ್ತಿದ್ದವು. ಆ ಮೂಲೆಯಲ್ಲಿ ಊರ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ತಲಾಠಿ ಶೆಟ್ಟೆಪ್ಪ ಪೇಪರು ಹರಡಿಕೊಂಡು ಕೂತಿದ್ದರು. ಅವರು ತೋಳು ಸರಿಸಿದಷ್ಟು ಜಾಗದಲ್ಲಿ ಅವಳು ಲ್ಯಾಪ್‌ಟಾಪು ಇಟ್ಟು, ಅಪ್ಪನಿಗೆ ಬಾಜೂ ಕುರ್ಚಿ ಹಾಕಿದಳು. ಪರದೆಯ ಮೇಲೆ ಒಂದು ಉಂಗುರ ಸುತ್ತತೊಡಗಿತು. ಅಪ್ಪ ಅದನ್ನೇ ನೋಡುತ್ತ, ‘ಇದ ಏನ ಮಾಡಾಕತ್ತೈತಿ?’ ಎಂದರು. ‘ಹುಡುಕಾಕತ್ತೈತಿ.’ ‘ಏನ್ನ?’ ‘ರೂಪಾಲೀನ್ನ.’ ‘ಆಕಿ ಪುಣೇದಾಗಿದ್ರ ಇದು ಇಲ್ಲೆ ಯಾಕ ಹುಡುಕತೈತಿ?’ ಅಪ್ಪ ತಂದಿದ್ದ ಸೋಸಿದ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿದರು, ಕುಡಿಯಲಿಲ್ಲ, ಮತ್ತೆ ಮುಚ್ಚಿದರು. ಅವರಿಗೂ ಅಂಜಿಕೆ ಇದೆ ಎಂದು ಅವಳಿಗೆ ಆಗ ಹೊಳೆದು, ಹೊಳೆದದ್ದಕ್ಕೆ ಇನ್ನಷ್ಟು ಕಿರಿಕಿರಿಯಾಯಿತು. ಎಲ್ಲರ ಅಂಜಿಕೆಯನ್ನೂ ತಾನೇ ಹೊತ್ತುಕೊಂಡು ಓಡಾಡಬೇಕು.

ಗುರುವಾರ ಮೂಡಲಗಿಯವರು ಹೆಣ್ಣು ನೋಡಲು ಹುಕ್ಕೇರಿಗೆ ಬರುವವರಿದ್ದರು. ಹುಡುಗ ಸನ್ಮತಿ, ಬೀಜ ಗೊಬ್ಬರದ ಅಂಗಡಿ, ಚಟಗಳಿಲ್ಲ. ಸಂಬಂಧ ತಂದವಳು ವಂದನಾಳೇ. ಗಂಡ ಜಿನದತ್ತನ ಕಡೆಯಿಂದ ದೂರದ ನಂಟು. ಮೂಡಲಗಿಯಾದರೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಬರಬಹುದು, ತಂಗಿ ಕಣ್ಣೆದುರಿಗೇ ಇರುತ್ತಾಳೆ, ಬೇಕಾದಾಗ ಹೋಗಿ ಅವಳದನ್ನು ಆ ಮನೆಯವರಿಗೆ, ಅವರದನ್ನು ಅವಳಿಗೆ ತಿಳಿಸಬಹುದು. ಎಲ್ಲ ಸರಿಯಾಗಿಯೇ ಇತ್ತು. ಮಾತುಕತೆಯ ದಿನ ಹುಡುಗನ ತಾಯಿ ಮಾತ್ರ ಚಹಾದ ಬಸಿ ಕೆಳಗಿಟ್ಟು, ‘ಎದುರ ಮಾತಾಡದ ಸೊಸಿ ಸಿಗಾಕ ಪುಣ್ಯಾ ಬೇಕವಾ’ ಎಂದು ನಕ್ಕಿದ್ದಳು. ಕೂತವರೆಲ್ಲ ನಕ್ಕರು. ವಂದನಾಳೂ ನಕ್ಕಳು. ಬಸ್ಸಿನಲ್ಲಿ ವಾಪಸು ಬರುವಾಗ ತನ್ನ ಮುಖದ ಮೇಲೆ ಆ ನಗು ಇನ್ನೂ ಎಲ್ಲೋ ಅಂಟಿಕೊಂಡಿದೆ ಎನಿಸಿ ಸೆರಗಿನಿಂದ ಒರೆಸಿಕೊಂಡಿದ್ದಳು. ಸುದ್ದಿ ತಿಳಿಸಿದಾಗ ರೂಪಾಲಿ ಮೊಬೈಲಿನಲ್ಲಿ ಕಳಿಸಿದ್ದು ಒಂದೇ ಸಾಲು: ಮೊದಲು ಅಪ್ಪನ ಮುಖ ನೋಡಿ ಮಾತಾಡತೇನಿ, ಆಮೇಲೆ ಬರೂದು.

ಉಂಗುರ ನಿಂತಿತು. ರೂಪಾಲಿ ಬಂದಳು. ಹಿಂದೆ ಹಳದಿ ಗೋಡೆ, ಗೋಡೆಯ ಮೇಲೆ ಒಗೆದು ನೇತುಹಾಕಿದ ಓಢಣಿ. ಕೂದಲು ಹೆಗಲವರೆಗೆ ಕತ್ತರಿಸಿಕೊಂಡಿದ್ದಳು. ಅಪ್ಪ ಅದನ್ನು ನೋಡಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಪರದೆಯ ಹತ್ತಿರ ಬಾಗಿ, ‘ಊಟಾ! ಆತಾ!’ ಎಂದು ಕೂಗಿದರು. ಶೆಟ್ಟೆಪ್ಪನವರ ಪೇಪರು ಕೆಳಗಿಳಿಯಿತು. ‘ಅಪ್ಪಾ, ಹಳ್ಳೂಕ. ಆಕಿಗೆ ಕೇಳಸೂದಿಲ್ಲ’ ಎಂದು ವಂದನಾ ಪಿಸುಗುಟ್ಟಿದಳು. ಎಷ್ಟು ವರ್ಷದಿಂದ ಹೇಳಿದ ಮಾತು, ಹೊಸ ಸುದ್ದಿಯೆಂಬಂತೆ. ರೂಪಾಲಿ ನಕ್ಕು ತಕ್ಕಡಿ ತೂಗಿದಳು, ಅಪ್ಪ. ಜಡೆ ಎಳೆದಳು, ಅಕ್ಕ. ಆಮೇಲೆ ನಗು ನಿಲ್ಲಿಸಿ ನೆಟ್ಟಗೆ ಕೂತು ಹೇಳತೊಡಗಿದಳು.

ಎಷ್ಟು ಜೋರು ಅವಳ ಕೈಗಳು. ಪುಣೆಗೆ ಹೋದಾಗಿನಿಂದ ಆ ಕೈಗಳಿಗೆ ಬೇರೆ ಯಾವುದೋ ನೀರು ಕುಡಿಸಿದ ಹಾಗೆ. ಹಿತ್ತಿಲಲ್ಲಿ ಹುಟ್ಟಿದ್ದ ಆ ನಾಕು ಶಬ್ದಗಳು ಅಲ್ಲೊಂದು ಇಲ್ಲೊಂದು ತಲೆಯೆತ್ತುತ್ತಿದ್ದವು. ನಡುವೆಲ್ಲ ವಂದನಾಳಿಗೆ ಗೊತ್ತಿಲ್ಲದ ಬೆರಳುಗಳು, ಎದೆಯಿಂದ ಹೊರಟು ಗಾಳಿಯಲ್ಲಿ ತಿರುಗಿ ಮತ್ತೊಂದು ಕೈಗೆ ತಾಗಿ ಮುಗಿಯುವ ಚಲನೆಗಳು. ಹುಬ್ಬು, ತುಟಿ, ಹೆಗಲು ಕೂಡ ಏನೋ ಹೇಳುತ್ತಿದ್ದವು. ದೀಪಾವಳಿಯಲ್ಲೇ ಇದು ಶುರುವಾಗಿತ್ತು. ಆಗ ವಂದನಾ ತಿಳಿದವರ ಹಾಗೆ ತಲೆಯಾಡಿಸಿದ್ದಳು. ಪ್ರತಿ ಭಾನುವಾರವೂ ತಲೆಯಾಡಿಸುತ್ತಿದ್ದಳು. ಈಗಲೂ ಆಡಿಸಿದಳು. ‘ಬ್ಯಾಡ’ ಎಂಬುದು ಮಾತ್ರ ನಿಚ್ಚಳವಾಗಿತ್ತು: ಅಂಗೈ ಅಡ್ಡ ಬೀಸಿ ಮುಖ ತಿರುಗಿಸುವುದು, ಸಣ್ಣಂದಿನದೇ. ಮೂಡಲಗಿ ಬ್ಯಾಡ. ಬರೂದಿಲ್ಲ. ಆಮೇಲೆ ಅಲ್ಲಿ, ಅಂದರೆ ಪುಣೆಯಲ್ಲಿ, ನಾವು, ನಾಕು ಮಂದಿ, ಮತ್ತೆ ಎರಡೂ ಕೈಯ ಬೆರಳುಗಳನ್ನು ಕೂಡಿಸಿ ಗದ್ದದ ಹತ್ತಿರ ತಂದಳು. ಅಷ್ಟಕ್ಕೆ ಚಿತ್ರ ನಿಂತುಬಿಟ್ಟಿತು. ಕಣ್ಣು ಅರ್ಧ ಮುಚ್ಚಿ, ಬೆರಳು ಗದ್ದದ ಕೆಳಗೆ, ಯಾವುದೋ ಕೆಟ್ಟ ಫೋಟೋದಂತೆ ರೂಪಾಲಿ ನಿಂತಳು. ವಂದನಾ ಕಪಾಟಿನ ಕಡೆ ನೋಡಿದಳು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಎದ್ದು ಹೋಗಿ ತೆರೆದಿಟ್ಟು, ಒಂದು ದಪ್ಪ ಪುಸ್ತಕ ಅಡ್ಡ ಇಟ್ಟು ಬಂದಳು. ‘ಅಕ್ಕಾರ, ಪುಸ್ತಕಾ ಹಂಗ ಕೆಳಗ ಇಡಬಾರದ್ರಿ’ ಎಂದು ಶಿದ್ಲಿಂಗಪ್ಪ ಕೂತಲ್ಲಿಂದಲೇ ಹೇಳಿದ.

‘ಏನಂದ್ಲು?’ ಅಪ್ಪ ಕೇಳಿದರು.

ಬಾಯನ್ನೇ ನೋಡುತ್ತ ಕಾಯುವ ಆ ಮುಖ. ಅಂಗಡಿಯಲ್ಲಿ, ಹಿತ್ತಿಲಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದ ಅದೇ ಮುಖ. ಬ್ಯಾಡ ಎಂದಳು ಎಂದರೆ ಅಪ್ಪ ಇಲ್ಲೇ ದನಿ ಏರಿಸುತ್ತಾರೆ. ಶೆಟ್ಟೆಪ್ಪ ಕೇಳಿಸಿಕೊಳ್ಳುತ್ತಾರೆ. ಸಂಜೆಯೊಳಗೆ ಜಿನದತ್ತನ ಮನೆಯವರಿಗೆ ಗೊತ್ತಾಗುತ್ತದೆ, ಅತ್ತೆಯ ಮುಖ ಊದುತ್ತದೆ. ಇನ್ನೊಂದು ವಾರ ತಡೆದರೆ ತಾನೇ ತಂಗಿಗೆ ತಿಳಿ ಹೇಳಬಹುದು.

‘ವಿಚಾರಾ ಮಾಡತೇನಿ ಅಂದ್ಲು’ ಎಂದಳು.

ಅಪ್ಪನ ಹೆಗಲು ಸಡಿಲವಾಯಿತು. ‘ಮಾಡ್ಲಿ ಮಾಡ್ಲಿ. ವಿಚಾರಾ ಮಾಡಬೇಕಲಾ. ಮತ್ತೇನಂದ್ಲು? ಬೆರಳ ಹಿಂಗ ಮಾಡಿದ್ಲಲಾ?’

ವಂದನಾ ನಿಂತ ಚಿತ್ರವನ್ನು ನೋಡಿದಳು. ಬೆರಳು ಗದ್ದದ ಹತ್ತಿರ. ‘ಅಲ್ಲೆ ಊಟಾ ಚೊಲೊ ಆಗತೈತಂತ.’

‘ಊಟಾ?’ ಅಪ್ಪನಿಗೆ ಅಚ್ಚರಿಯೂ ಸಮಾಧಾನವೂ ಒಟ್ಟಿಗೇ ಆಯಿತು. ಇಂಥ ಸಣ್ಣ ಕಾರಣಕ್ಕೆ ತಾನು ಬಸ್ಸು ಹತ್ತಿ ಬಂದೆನಲ್ಲ ಎಂಬಂತೆ ನಕ್ಕರು. ‘ಮೂಡಲಗಿಯವರ ಮನ್ಯಾಗ ಊಟಕ್ಕೇನು ಕಡಿಮಿ ಐತಿ? ಎರಡ ಎಮ್ಮಿ ಅದಾವು.’ ಅಷ್ಟರಲ್ಲಿ ಚಿತ್ರ ಅಲುಗಿ ರೂಪಾಲಿಯ ಕಣ್ಣು ತೆರೆಯಿತು. ಅಪ್ಪ ಬಾಗಿ, ಬಾಯಗಲಿಸಿ, ಕೂಗಿದರು: ‘ಊಟಕ್ಕ ಕಡಿಮಿ ಇಲ್ಲವಾ! ಎರಡ! ಎಮ್ಮಿ!’ ಎರಡು ಬೆರಳೆತ್ತಿ ತೋರಿಸಿದರು. ಕೈಯನ್ನು ಬಾಯಿಗೆ ಒಯ್ದು ಉಣ್ಣುವಂತೆಯೂ ಮಾಡಿದರು. ಅವರು ಮಗಳಿಗೆ ಕೈಯಿಂದ ಏನನ್ನಾದರೂ ಹೇಳಿದ್ದು ಅದೇ ಮೊದಲಿರಬೇಕು. ಶೆಟ್ಟೆಪ್ಪ ಪೇಪರು ಮಡಚಿ, ‘ಶಿದ್ಲಿಂಗಪ್ಪಾ, ಇದೇನ ನಡದೈತಪಾ ಇಲ್ಲೆ? ಕೈ ಬೀಸೂದೇನು, ಎಮ್ಮಿ ಅನ್ನೂದೇನು, ಒಂದ ಅಕ್ಷರಾ ಓದಾಕ ಆಗವಲ್ದು’ ಎಂದರು. ಅವರ ಪಕ್ಕದಲ್ಲಿದ್ದ ಇನ್ನಾರೋ ಮೂಗಿನಲ್ಲೇ ನಕ್ಕರು. ವಂದನಾಳ ಕಿವಿ ಬಿಸಿಯಾದವು. ಭೂಮಿ ಬಾಯಿಬಿಡುವುದು ಬೇಡ, ಕರೆಂಟು ಹೋದರೆ ಸಾಕು ಎನಿಸಿತು. ಇಡೀ ವಾರ ಹೇಳದೆ ಕೇಳದೆ ಹೋಗುವ ಕರೆಂಟು ಈಗ ಮಾತ್ರ ಫ್ಯಾನು ತಿರುಗಿಸುತ್ತ ಅಲ್ಲೇ ಇತ್ತು.

ರೂಪಾಲಿ ಅಪ್ಪನ ನಗುಮುಖವನ್ನು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು, ಅಥವಾ ಚಿತ್ರ ಮತ್ತೆ ನಿಂತಿತ್ತೋ. ಮುಖಗಳನ್ನು ಓದುವುದರಲ್ಲಿ ಅವಳಿಗೆ ಸಮಾನರಿರಲಿಲ್ಲ. ಬ್ಯಾಡ ಎಂಬ ಮಾತು ಕೇಳಿದ ಮನುಷ್ಯನ ಮುಖ ಹೀಗಿರುವುದಿಲ್ಲ. ಅವಳು ಮೆಲ್ಲಗೆ ಅಕ್ಕನ ಕಡೆ ಕಣ್ಣು ತಿರುಗಿಸಿ, ಹಳೆಯ ಕೈಯಲ್ಲಿ, ಹಿತ್ತಿಲಿನ ಕೈಯಲ್ಲಿ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಹಾಗೆ ಬಿಡಿಬಿಡಿಯಾಗಿ ಕೇಳಿದಳು: ಅಕ್ಕ. ಅಪ್ಪಗ. ಏನು. ಹೇಳಿದಿ.

ವಂದನಾ ಕೈ ಎತ್ತಿದಳು. ಸಿಗ್ನಲ್ ಸರಿ ಇಲ್ಲ ಎಂದು ಹೇಳಹೋದಳು. ಸಿಗ್ನಲ್ಲಿಗೆ ಹಿತ್ತಿಲಿನಲ್ಲಿ ಶಬ್ದವಿರಲಿಲ್ಲ. ಕಪಾಟಿನ ಕಡೆ ಬೆರಳು ತೋರಿಸಿದಳು. ರೂಪಾಲಿಗೆ ಕಪಾಟು ಕಾಣುವಂತಿರಲಿಲ್ಲ. ಗಾಳಿಯಲ್ಲಿ ಉಂಗುರ ಸುತ್ತಿ ತೋರಿಸಿದಳು. ತಂಗಿಯ ಮುಖದಲ್ಲಿ ಏನೋ ಕಳಚಿಬಿತ್ತು. ಅದು ಸಿಟ್ಟಲ್ಲ, ಸಿಟ್ಟಾಗಿದ್ದರೆ ವಂದನಾ ತಡೆದುಕೊಳ್ಳುತ್ತಿದ್ದಳು, ತಿರುಗಿ ಸಿಟ್ಟು ಮಾಡಬಹುದಿತ್ತು. ಬಸ್ಸು ತಪ್ಪಿಸಿಕೊಂಡವರು ಬಸ್ಸು ಹೋದ ದಾರಿಯನ್ನು ನೋಡುವಂತೆ ರೂಪಾಲಿ ಅವಳನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಕೆಳಗಿಟ್ಟಳು, ಕಾಣದಂತೆ, ಮೇಜಿನ ಕೆಳಗೆ. ಪರದೆಯ ಹತ್ತಿರ ಬಂದಳು. ಬಾಯಿ ತೆರೆದಳು.

‘ಅ...ಪ್ಪಾ.’

ಲ್ಯಾಪ್‌ಟಾಪಿನ ಸಪ್ಪಳವನ್ನು ವಂದನಾ ಯಾವತ್ತೂ ಕಡಿಮೆ ಮಾಡಿರಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ. ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕೆಂದು ತಿಳಿಯದ, ಏರುವಲ್ಲಿ ಇಳಿಯುವ, ಗಂಟಲಿನ ಬುಡದಿಂದ ಬಂದ ಆ ದನಿ ಗ್ರಂಥಾಲಯದ ತುಂಬ ಬಡಿಯಿತು. ಎಲ್ಲರ ತಲೆಗಳೂ ಎದ್ದವು. ‘ಅಪ್ಪಾ. ಬ್ಯಾಆ... ಡಾ. ನಾ. ಒಲ್ಲೆ.’ ಬಜಾರಿನಲ್ಲಿ ಒಂದು ಸಲ, ಎಂಟೋ ಒಂಬತ್ತೋ ವರ್ಷದವಳು, ಹೀಗೇ ಏನನ್ನೋ ಕೂಗಿದಾಗ ನಿಂತವರೆಲ್ಲ ನಕ್ಕಿದ್ದರು. ಅವತ್ತಿನಿಂದ ಹೊರಗಿನವರ ಎದುರು ರೂಪಾಲಿ ದನಿ ತೆಗೆದಿರಲಿಲ್ಲ. ವಂದನಾ ಗಾಬರಿಯಿಂದ ಸಪ್ಪಳದ ಗುಂಡಿಗಾಗಿ ತಡಕಾಡಿದಳು. ಯಾವುದನ್ನೋ ಒತ್ತಿದಳು, ಪರದೆಯ ಬೆಳಕು ಹೆಚ್ಚಾಯಿತು. ಶಿದ್ಲಿಂಗಪ್ಪ ಸೀಲು ಕೆಳಗಿಟ್ಟು ಓಡಿಬಂದ.

‘ಅಕ್ಕಾರ, ಏನ್ರಿ ಇದು, ಮಿಶಿನ್ ಕೆಟ್ಟೈತೇನ್ರಿ? ಬಂದ್ ಮಾಡ್ರಿ, ಬಂದ್ ಮಾಡ್ರಿ! ಸಪ್ಪಳಾ ಆಗೂದಿಲ್ಲ ಅಂದಿದ್ರಿ!’

‘ಮಿಶಿನ್ ಅಲ್ಲ’ ಎಂದರು ಅಪ್ಪ.

ಅವರು ಎದ್ದು ನಿಂತಿದ್ದರು. ಟೋಪಿ ಒಂದು ಬದಿಗೆ ಸರಿದಿತ್ತು.

‘ನನ್ನ ಮಗಳು ಮಾತಾಡಾಕತ್ತಾಳ್ರಿ. ಸುಮ್ಮನ ನಿಂದರ್ರಿ.’

ಆಮೇಲೆ ಮತ್ತೆ ಕೂತು, ಪರದೆಗೆ ಮುಖ ಹತ್ತಿರ ತಂದು, ಈ ಸಲ ಕೂಗದೆ, ಅಂಗಡಿಯ ಗಲ್ಲೆಯ ಪಕ್ಕ ಕೂತ ಮಗುವಿಗೆ ಕೇಳುವ ಹಾಗೆ ಕೇಳಿದರು: ‘ಯಾಕವಾ? ಯಾಕ ಒಲ್ಲೆ?’ ವಂದನಾ ಅದನ್ನು ಕೈಯಲ್ಲಿ ಹೇಳಲು ಕೈ ಎತ್ತಿದಳು. ಅಪ್ಪ ನೋಡದೆಯೇ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ರೂಪಾಲಿ ತುಟಿ ಓದಿದ್ದಳು. ‘ಇಲ್ಲಿ,’ ಎಂದು ತನ್ನ ಕೋಣೆಯ ಕಡೆ ತೋರಿಸಿದಳು. ‘ಮಾಆ... ತು. ಅಲ್ಲಿ... ಯಾ... ರ... ಜೋಡಿ?’ ದನಿಯ ಪ್ರತಿ ತುಂಡಿಗೂ ಗ್ರಂಥಾಲಯದ ಯಾರೋ ಒಬ್ಬರು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ವಂದನಾಳಿಗೆ ಮೊದಲ ಶಬ್ದವೇ ಹಿಡಿಯಲಿಲ್ಲ. ಮಾವು? ಮಾಸು? ಅಪ್ಪ ಒಂದು ಕ್ಷಣವೂ ತಡೆಯದೆ ತಲೆಯಾಡಿಸಿದರು. ಪ್ರತಿ ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದಾಗ ಆ ಸಣ್ಣ ಹುಡುಗಿ ಹೊಸ್ತಿಲ ಮೇಲೆ ನಿಂತು ಕೂಗುತ್ತಿದ್ದ ‘ಅಪ್ಪಾ’ವನ್ನು ಅವರು ಕೇಳಿದವರು, ಆಗ ವಂದನಾ ಒಳಗೆ ಓದುತ್ತ ಕೂತಿರುತ್ತಿದ್ದಳು. ಆ ದನಿಯ ದಾರಿ ಅವರಿಗೆ ಗೊತ್ತಿತ್ತು. ತನಗೆ ಗೊತ್ತಿರಲಿಲ್ಲ.

‘ಮಾತು ಅಂದ್ಲು’ ಎಂದರು ಅಪ್ಪ. ಈಗ ಅವರೇ ವಂದನಾಳಿಗೆ ಹೇಳುತ್ತಿದ್ದರು. ‘ಅಲ್ಲೆ ಮಾತಾಡಾಕ ಮಂದಿ ಅದಾರಂತ. ಮೂಡಲಗ್ಯಾಗ ಯಾರ ಜೋಡಿ ಮಾತಾಡ್ಲಿ ಅಂತಾಳ.’

ಗದ್ದದ ಹತ್ತಿರ ತಂದ ಬೆರಳುಗಳು. ಊಟವಲ್ಲ. ಒಂದಕ್ಕೊಂದು ಎದುರಾಗಿ ತೆರೆದು ಮುಚ್ಚುವ ಎರಡು ಬಾಯಿಗಳು. ಈಗ ಎಷ್ಟು ಸಹಜವಾಗಿ ಕಾಣುತ್ತಿದೆ! ಹೇಳುವವರು ಹೇಳಿದ ಮೇಲೆ ಎಲ್ಲವೂ ಹೀಗೇ ಸಹಜ. ಅಷ್ಟರಲ್ಲಿ ಚಿತ್ರ ಪೂರ್ತಿ ಹೋಗಿ, ಪರದೆ ಕಪ್ಪಾಗಿ, ಅದರಲ್ಲಿ ಅಪ್ಪನದೂ ಅವಳದೂ ಮುಖಗಳು ಅಕ್ಕಪಕ್ಕದಲ್ಲಿ ಮಸಕಾಗಿ ಮೂಡಿದವು. ಶಿದ್ಲಿಂಗಪ್ಪ ಗಾಬರಿಯಲ್ಲಿ ಓಡಿಹೋಗಿ, ಅಡ್ಡ ಇಟ್ಟ ಪುಸ್ತಕ ತೆಗೆದು ಕಪಾಟು ಮುಚ್ಚಿ ಕೀಲಿ ಹಾಕಿದ್ದ.

ಅಪ್ಪ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು. ಅವಳೂ ಹೋದಳು. ಎದುರಿನ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಹಿಂದಕ್ಕೆ ತೆಗೆಯಲಾಗದೆ ಹಾರ್ನ್ ಹೊಡೆಯುತ್ತಿತ್ತು. ಲಾರಿ ಹೋದ ಮೇಲೆ ಅಪ್ಪ ಕೇಳಿದರು:

‘ಮೊದಲ ಕೈಲೆ ಹೇಳಿದ್ಲಲಾ, ಆಗ ಏನಂದಿದ್ಲು?’

‘ಬ್ಯಾಡ ಅಂದಿದ್ಲು.’

‘ನೀ ವಿಚಾರಾ ಮಾಡತಾಳಂತ ಅಂದಿ.’

‘ನಿಮಗ ಸಿಟ್ಟ ಬರತೈತಂತ ಹಂಗಂದ್ನಿ.’

‘ಸಿಟ್ಟ ಬಂದ್ರ ನನಗ ಬರತಿತ್ತು. ನಿನಗೇನಾಗೂದಿತ್ತು?’

ಅದು ಬೈಗುಳವಾಗಿರಲಿಲ್ಲ. ಸಾಮಾನಿನ ದರ ಕೇಳುವ ಹಾಗೆ ಕೇಳಿದ್ದರು, ಉತ್ತರ ಇರುತ್ತದೆಂದು ನಂಬಿ. ಮೂಡಲಗಿಯ ಆ ಮನೆಯ ಪಡಸಾಲೆಯಲ್ಲಿ ತಾನು ವಾರಕ್ಕೊಮ್ಮೆ ಹೋಗಿ ಕೂರುವುದು, ಸನ್ಮತಿಯ ತಾಯಿ ತನ್ನ ಕಡೆ ತಿರುಗಿ ‘ಏನಂತಾಳ ಕೇಳವಾ’ ಎನ್ನುವುದು, ಎಲ್ಲರೂ ತನ್ನ ಬಾಯನ್ನು ನೋಡುವುದು: ಇಷ್ಟನ್ನು ಅವಳು ಎಷ್ಟು ಬಿಡಿಸಿ ಬಿಡಿಸಿ ಮೊದಲೇ ಕಂಡಿಟ್ಟುಕೊಂಡಿದ್ದಳೆಂದು ಆ ಮೆಟ್ಟಿಲ ಮೇಲೆ ಅವಳಿಗೆ ಕಾಣಿಸಿತು. ಕುಡಿಯುವ ಚಹಾದ ಬಸಿಯ ಬಣ್ಣ ಸಹ ಕಂಡಿಟ್ಟುಕೊಂಡಿದ್ದಳು. ಅಪ್ಪ ಅಂಗಿಯ ಒಳಜೇಬಿನಿಂದ ಮೊಬೈಲು ತೆಗೆದು, ದೂರ ಹಿಡಿದು, ಹೆಸರು ಹುಡುಕಿ, ಕಿವಿಗಿಟ್ಟುಕೊಂಡರು.

‘ಹಾಂ, ಜಯ ಜಿನೇಂದ್ರ. ನೇಮಿನಾಥ ಮಾತಾಡಾಕತ್ತೇನ್ರಿ. ಗುರುವಾರ ಬರೂದ ಬ್ಯಾಡ್ರಿ... ಇಲ್ರಿ, ಆರಾಮ ಅದೇವಿ. ಹುಡುಗಿ ಒಲ್ಲೆ ಅಂದ್ಲು... ಹೌದ್ರಿ, ಅಂದ್ಲು... ಬಾಯಿಲೆನ ಅಂದ್ಲು.’ ಆ ಕಡೆಯವರು ಏನೋ ಕೇಳಿದರು. ‘ಮಾತಾಡೂದಿಲ್ಲಂತ ನಿಮಗ ಯಾರ ಹೇಳಿದ್ರಿ?’ ಎಂದು ಅಪ್ಪ ಫೋನು ಇಟ್ಟರು. ವರ್ಷಗಟ್ಟಲೆ ಹುಡುಕಿ ಸಿಕ್ಕಿದ ಒಂದು ಸಂಬಂಧ. ‘ನಿನ್ನ ಅತ್ತಿ ಮನ್ಯಾಗ ಮಾತ ಬರತಾವ. ನಾ ಬಂದು ಹೇಳತೇನಿ’ ಎಂದರು. ಆಮೇಲೆ ಚಪ್ಪಲಿಯ ಮೇಲೆ ಚಪ್ಪಲಿ ಬಿದ್ದಿದ್ದನ್ನು ಸರಿಮಾಡುತ್ತ, ‘ನೀ ಒಳಗ ಹೋಗು. ಪಾಪ, ಆಕಿ ಅಲ್ಲೇ ಕುಂತಿರತಾಳ. ನಾ ಇಲ್ಲೆ ಗಾಳಿಗಿ ಕುಂದರತೇನಿ’ ಎಂದರು.

ಒಳಗೆ ಶೆಟ್ಟೆಪ್ಪ ಅವಳ ಕುರ್ಚಿಯ ಕಡೆ ಪೇಪರಿನ ಇನ್ನೆರಡು ಹಾಳೆ ಹರಡಿದ್ದರು. ಅವಳನ್ನು ಕಂಡು ಮಾತಿಲ್ಲದೆ ತೆಗೆದರು. ಅವಳು ಶಿದ್ಲಿಂಗಪ್ಪನ ಮೇಜಿನ ಎದುರು ಹೋಗಿ ನಿಂತಳು. ವಿವರಿಸಲು ಹೋಗಲಿಲ್ಲ, ದನಿಯನ್ನು ಸಾಲೆಯ ದನಿ ಮಾಡಲಿಲ್ಲ. ‘ನನ್ನ ತಂಗಿಗಿ ಕಿವಿ ಕೇಳೂದಿಲ್ರಿ. ಕಪಾಟ ಪೂರ್ತಿ ತಗೀರಿ’ ಎಂದಳು. ಅವನ ಮುಖ ಮೆತ್ತಗಾಯಿತು, ಅಯ್ಯೋ ಪಾಪ ಎಂದ. ಅನ್ನಲಿ. ಅವನು ಎರಡೂ ಬಾಗಿಲು ತೆರೆದ. ಹಾಳಾದ ರಸೀದಿ ಪುಸ್ತಕಗಳ ನಡುವೆ ಆ ಸಣ್ಣ ಪೆಟ್ಟಿಗೆ ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ‘ಇನ್ನ ಸ್ವಲ್ಪ ಹೊತ್ತಿಗೆ ಊಟಕ್ಕ ಬಂದ್ ಮಾಡತೇನ್ರಿ ಮತ್ತ’ ಎಂದು ಅವನು ಸೇರಿಸಿದ.

ರೂಪಾಲಿ ಅಲ್ಲೇ ಇದ್ದಳು. ಮುಖ ತೊಳೆದುಕೊಂಡು ಬಂದಿದ್ದಳು. ವಂದನಾ ಅಪ್ಪ ಹೇಳಿದ್ದನ್ನು ಹೇಳಿದಳು: ಗುರುವಾರ ಇಲ್ಲ. ಮೂಡಲಗಿ ಇಲ್ಲ. ಅಪ್ಪ ಫೋನು ಮಾಡಿದರು. ಹಿತ್ತಿಲಿನ ಕೈಗೆ ಅಷ್ಟು ಹೇಳಲು ಬರುತ್ತಿತ್ತು. ರೂಪಾಲಿ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಒಮ್ಮೆಗೇ ಹೇಳತೊಡಗಿದಳು, ಉದ್ದಕ್ಕೆ, ಬಿರುಸಾಗಿ, ಅಕ್ಕನ ಕಡೆಯೇ ನೋಡುತ್ತ. ಬೈಯುತ್ತಿದ್ದಳೋ, ಅಳುತ್ತಿದ್ದಳೋ, ಗೆಳತಿಯರ ಸುದ್ದಿ ಹೇಳುತ್ತಿದ್ದಳೋ. ವಂದನಾಳ ತಲೆ ಅಭ್ಯಾಸದಿಂದ ಆಡತೊಡಗಿತು. ಅವಳು ಅದನ್ನು ನಿಲ್ಲಿಸಿದಳು. ಕತ್ತು ಬಿಗಿಹಿಡಿಯಬೇಕಾಯಿತು. ಕೈಯೆತ್ತಿ ತಂಗಿಯನ್ನು ತಡೆದು, ತನ್ನ ಹಣೆ ಮುಟ್ಟಿ, ಬರಿಗೈ ತಿರುಗಿಸಿ ತೋರಿಸಿದಳು. ತಿಳಿಯಲಿಲ್ಲ.

ರೂಪಾಲಿಯ ಕೈಗಳು ಗಾಳಿಯಲ್ಲೇ ನಿಂತವು. ಚಿತ್ರ ನಿಂತಿರಲಿಲ್ಲ, ಹಿಂದಿನ ಓಢಣಿ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಯಾವುದು ತಿಳಿಯಲಿಲ್ಲ ಎಂದು ಅವಳು ಹುಬ್ಬೆತ್ತಿದಳು. ವಂದನಾ ಎರಡೂ ತೋಳುಗಳನ್ನು ಅಗಲಿಸಿದಳು. ಎಲ್ಲ. ಬಹಳ ದಿನದಿಂದ.

ರೂಪಾಲಿ ಕುರ್ಚಿ ಮುಂದಕ್ಕೆಳೆದುಕೊಂಡು, ಬಲು ನಿಧಾನವಾಗಿ, ಒಂದು ಕೈಯನ್ನು ಎತ್ತಿ ಒಂದು ಶಬ್ದ ತೋರಿಸಿ ನಿಲ್ಲಿಸಿದಳು. ವಂದನಾ ಹಾಗೇ ಮಾಡಿದಳು. ರೂಪಾಲಿ ತಲೆಯಲ್ಲಾಡಿಸಿದಳು: ಹೆಬ್ಬೆರಳು ಹಾಗಲ್ಲ. ಮತ್ತೆ ಮಾಡಿದಳು. ಮಣಿಕಟ್ಟು ಹಾಗಲ್ಲ. ಮತ್ತೆ. ರೂಪಾಲಿ ಕಣ್ಣನ್ನು ಮೇಲಕ್ಕೆ ಹೊರಳಿಸಿ, ಉಸಿರು ಬಿಟ್ಟು, ದಡ್ಡ ಮಗುವಿನ ಎದುರು ಕೂತ ಮಾಸ್ತರಿಣಿಯ ಹಾಗೆ ಗದ್ದಕ್ಕೆ ಕೈ ಕೊಟ್ಟು ನೋಡಿದಳು. ಇಷ್ಟು ವರ್ಷ ಕೊಣ್ಣೂರಿನಲ್ಲಿ ಕಲಿಸಿದರೂ, ಆ ನೋಟ ಬೆಂಚಿನ ಮೇಲೆ ಕೂತವರಿಗೆ ಹೇಗೆ ಕಾಣುತ್ತದೆಂದು ವಂದನಾಳಿಗೆ ಗೊತ್ತಿರಲಿಲ್ಲ. ಶಿದ್ಲಿಂಗಪ್ಪ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ್ದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಮತ್ತೆ ಕೈಯೆತ್ತಿದಳು.